ಸ್ಕ್ಯಾನರ್‌ಗೆ ಸಿಕ್ಕಿದ್ದನ್ನೆಲ್ಲ ಕೇಳಬಹುದಾ? ಅಮೆರಿಕದ ಕಾನೂನು ಎಲ್ಲಿ ಅಡ್ಡ ಬರುತ್ತದೆ

ಮೊದಲ ಸ್ಕ್ಯಾನರ್, ಅಂದರೆ ಬೇರೆ ಬೇರೆ ಫ್ರೀಕ್ವೆನ್ಸಿಯ ರೇಡಿಯೋ ಮಾತುಕತೆ ಹುಡುಕಿ ಕೇಳಿಸುವ ಸೆಟ್, ಕೈಗೆ ಬಂದ ದಿನ ಸುಮ್ನೆ 870.000 ಮೆಗಾಹರ್ಟ್ಸ್ ಅಂತ ಒತ್ತಿ ನೋಡಿದೆ. ಬೀಪ್ ಅಂತು, ಪರದೆ ಮೇಲೆ ಎರರ್ ಬಂತು. 868 ತಗೊಳ್ತು, 895 ತಗೊಳ್ತು, ನಡುವಿನದಕ್ಕೆ ಮಾತ್ರ ಜಪ್ಪಯ್ಯ ಅಂದರೂ ಇಲ್ಲ. ಸೆಟ್ಟೇ ಕೆಟ್ಟಿದೆ ಅಂದುಕೊಂಡು ಅರ್ಧ ದಿನ ಮ್ಯಾನ್ಯುಯಲ್ ತಿರುವಿ ಹಾಕಿದೆ.

ಕೆಟ್ಟಿರಲಿಲ್ಲ. 824ರಿಂದ 849 ಮತ್ತು 869ರಿಂದ 894 ಮೆಗಾಹರ್ಟ್ಸ್ ಮೊಬೈಲ್ ಫೋನಿನ ಜಾಗ. ಅನಲಾಗ್ ಕಾಲದಲ್ಲಿ ಆ ಮಾತುಕತೆ ಎಫ್‌ಎಂನಲ್ಲಿ, ಯಾವ ಮುಚ್ಚುಮರೆಯೂ ಇಲ್ಲದೆ ಹೋಗುತ್ತಿತ್ತು, ಸ್ಕ್ಯಾನರ್ ಇದ್ದವರಿಗೆಲ್ಲ ಕೇಳಿಸುತ್ತಿತ್ತು. ಅದಕ್ಕೇ 1992ರಲ್ಲಿ ಕಾನೂನು ಬಂತು. 1994ರ ಏಪ್ರಿಲ್ 26ರ ನಂತರ ಈ ಜಾಗ ಹಿಡಿಯುವ ಸ್ಕ್ಯಾನರ್ ತಯಾರಿಸುವ ಹಾಗಿಲ್ಲ, ಹೊರಗಿಂದ ತರಿಸುವ ಹಾಗೂ ಇಲ್ಲ. 2008ರಿಂದೀಚೆಗೆ ಅನಲಾಗ್ ಮೊಬೈಲ್ ಜಾಲಗಳು ಮುಚ್ಚಿಹೋದವು, ಬೀಗ ಮಾತ್ರ ಹಾಗೇ ಇದೆ.

ಆದರೆ ಜನ ಇನ್ನೊಂದು ದಾರಿ ಕಂಡುಕೊಂಡಿದ್ದರು. 10.7 ಮೆಗಾಹರ್ಟ್ಸ್ ಐಎಫ್ (ಬಂದ ಸಿಗ್ನಲ್ ಅನ್ನು ಸೆಟ್ ಒಳಗೆ ಇಳಿಸಿಕೊಳ್ಳುವ ಮಧ್ಯದ ಫ್ರೀಕ್ವೆನ್ಸಿ) ಇರುವ ಸೆಟ್‌ನಲ್ಲಿ 901.4ಕ್ಕೆ ಟ್ಯೂನ್ ಮಾಡಿದರೆ ಅದಕ್ಕಾಗಿ ಒಳಗೇ ಸಿಗ್ನಲ್ ಹುಟ್ಟಿಸುವ ಆಸಿಲೇಟರ್ 10.7 ಕೆಳಗೆ, 890.7ರಲ್ಲಿ ಓಡಬಹುದು. ಅಲ್ಲಿಂದ 880 ಕೂಡ ಸರಿಯಾಗಿ 10.7 ದೂರ, ಸೆಟ್‌ಗೆ ಎರಡೂ ಒಂದೇ, ಹಾಗಾಗಿ ಬೀಗ ಹಾಕಿದ 880ರ ಮಾತು 901.4ರಲ್ಲಿ ನುಸುಳಿ ಬರುತ್ತಿತ್ತು. ಹೀಗೆ ಬೇರೆ ಜಾಗದಲ್ಲಿ ಕೇಳಿಸುವುದಕ್ಕೇ ಇಮೇಜ್ ಅನ್ನುತ್ತಾರೆ. ಅಮೆರಿಕದ ರೇಡಿಯೋ, ಫೋನ್ ನಿಯಮಗಳನ್ನು ನೋಡಿಕೊಳ್ಳುವ ಎಫ್‌ಸಿಸಿ ಆಮೇಲೆ ಇದಕ್ಕೂ ಕಡಿವಾಣ ಹಾಕಿತು: ಮೊಬೈಲ್ ಸಿಗ್ನಲ್‌ಗಳನ್ನು ಸ್ಕ್ಯಾನರ್ ಕನಿಷ್ಠ 38 ಡಿಬಿಯಷ್ಟು (ಡೆಸಿಬೆಲ್, ಸಿಗ್ನಲ್ ಬಲ ಹೋಲಿಸುವ ಅಳತೆ) ತಡೆಯಲೇಬೇಕು. ಸೆಟ್ ಒಳಗಿನ ಡಯೋಡ್ ಅನ್ನುವ ಪುಟ್ಟ ಬಿಡಿಭಾಗ ಕತ್ತರಿಸಿ ಬೀಗ ತೆಗೆಯುವ ಹಳೆಯ ಕೈಚಳಕಕ್ಕೂ ಹೋಗಬೇಡಿ, ಅದೂ ನಿಯಮದ ಉಲ್ಲಂಘನೆಯೇ.

ಬೀಗ ಇಲ್ಲದ್ದೆಲ್ಲ ಕೇಳಬಹುದು ಅಂದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ಕಾನೂನು ನೋಡುವುದು ಫ್ರೀಕ್ವೆನ್ಸಿಯ ನಂಬರ್ ಒಂದನ್ನೇ ಅಲ್ಲ, ಅದು ಯಾವ ಬಗೆಯ ಮಾತುಕತೆ ಅನ್ನುವುದನ್ನೂ. ಇವತ್ತು ಇಪ್ಪತ್ನಾಲ್ಕರಿಂದ ಸಾವಿರದ ಏಳುನೂರು ಮೆಗಾಹರ್ಟ್ಸ್‌ವರೆಗೆ ತಡೆಯಿಲ್ಲದೆ ಓಡುವ ಅಗ್ಗದ ಎಸ್‌ಡಿಆರ್ ಡಾಂಗಲ್‌ಗಳಿವೆ (ಕಂಪ್ಯೂಟರ್‌ಗೆ ಸಿಕ್ಕಿಸಿ ಸಾಫ್ಟ್‌ವೇರ್‌ನಿಂದ ನಡೆಸುವ ಪುಟ್ಟ ರೇಡಿಯೋ), ಅಲ್ಲಿ ಬೀಪ್ ಅಂದು ಎಚ್ಚರಿಸುವವರು ಯಾರೂ ಇಲ್ಲ, ಎಲ್ಲಿ ನಿಲ್ಲಬೇಕು ಅಂತ ನಿಮಗೇ ಗೊತ್ತಿರಬೇಕು.

ಹಾಗಾಗಿ ಮೆಮೊರಿ ತುಂಬುವಾಗ ನಿಶ್ಚಿಂತೆಯಿಂದ ಕೇಳಬಹುದಾದ್ದರಿಂದ ಶುರು ಮಾಡಿ. 162.400ರಿಂದ 162.550ರವರೆಗೆ ಹವಾಮಾನದ ಏಳು ಚಾನೆಲ್. ಹಡಗಿನವರ ಚಾನೆಲ್ 16, ಅಂದರೆ 156.800. ವಿಮಾನದವರ ಮಾತು 118ರಿಂದ 137ರವರೆಗೆ, ಇಲ್ಲಿ ಎಎಂ ಮೋಡ್‌ಗೆ ಹಾಕದಿದ್ದರೆ ಮಾತು ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ. ಹ್ಯಾಮ್ (ಲೈಸೆನ್ಸ್ ಪಡೆದ ಹವ್ಯಾಸಿಗಳ ರೇಡಿಯೋ), ಸಿಬಿ (ಜನಸಾಮಾನ್ಯರು ಹತ್ತಿರದವರೊಡನೆ ಮಾತಾಡುವ ರೇಡಿಯೋ) ಕೂಡ ಸರಿ. ಮುಚ್ಚುಮರೆಯಿಲ್ಲದೆ ಬರುವ ಪೊಲೀಸ್, ಅಗ್ನಿಶಾಮಕದವರ ಮಾತನ್ನೂ ಕೇಳಲು 1986ರ ಕೇಂದ್ರ ಕಾನೂನು ಬಿಡುತ್ತದೆ. ಅದೇ ಪೊಲೀಸರು ಎನ್‌ಕ್ರಿಪ್ಟ್ ಮಾಡಿದ್ದರೆ ಅಲ್ಲಿಗೆ ಮುಗಿಯಿತು, ಅದನ್ನು ಬಿಡಿಸಲು ಕೈ ಹಾಕಬಾರದು. ಮನೆಯ ಕಾರ್ಡ್‌ಲೆಸ್ ಫೋನಿಗೂ 1994ರಿಂದ ರಕ್ಷಣೆ ಇದೆ. 46, 49 ಮೆಗಾಹರ್ಟ್ಸ್ ಆಸುಪಾಸು ಬೀಗವಿಲ್ಲದ ಸೆಟ್‌ನಲ್ಲಿ ಪಕ್ಕದ ಮನೆಯವರ ಹಳೆಯ ಫೋನ್ ಸಿಕ್ಕಿಬಿಟ್ಟರೆ ಕಿವಿಗೊಡದೆ ಮುಂದೆ ಹೋಗಿ.

ಕೇಳುವುದು ಒಂದು, ಕೇಳಿದ್ದನ್ನು ಹೇಳುವುದು ಇನ್ನೊಂದು. 1934ರ ಕಮ್ಯುನಿಕೇಷನ್ಸ್ ಆಕ್ಟ್‌ನ 705ನೇ ಸೆಕ್ಷನ್ ಇರುವುದೇ ಇದಕ್ಕೆ. ಒಂದು ಟ್ಯಾಕ್ಸಿ ಕಂಪನಿ ಇನ್ನೊಂದರ ರೇಡಿಯೋ ಕೇಳಿ, ಗಿರಾಕಿ ಇರುವ ಕಡೆ ಮೊದಲೇ ಹೋಗಿ ನಿಂತರೆ ಅದು ತಪ್ಪು. ಕೇಳಿದ್ದರಿಂದ ಲಾಭ ಮಾಡಿಕೊಂಡಂತಾಯಿತು ಅಲ್ವಾ? 1996ರ ಡಿಸೆಂಬರ್‌ನಲ್ಲಿ ಫ್ಲೋರಿಡಾದ ದಂಪತಿಯ ಸ್ಕ್ಯಾನರ್‌ಗೆ ಒಂದು ಮೊಬೈಲ್ ಕರೆ ಸಿಕ್ಕಿತು. ಅದು ಅಮೆರಿಕದ ಕೆಳಮನೆಯ ಆಗಿನ ಸ್ಪೀಕರ್ ನ್ಯೂಟ್ ಗಿಂಗ್ರಿಚ್ ಇದ್ದ ಕಾನ್ಫರೆನ್ಸ್ ಕಾಲ್. ದಂಪತಿ ಅದನ್ನು ಟೇಪ್ ಮಾಡಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ನ ಸದಸ್ಯರೊಬ್ಬರಿಗೆ ಕೊಟ್ಟರು, ಅದು ಪತ್ರಿಕೆಯಲ್ಲಿ ಬಂತು. ದಂಪತಿ ತಪ್ಪೊಪ್ಪಿಕೊಂಡು ತಲಾ 500 ಡಾಲರ್ ದಂಡ ಕಟ್ಟಿದರು. ಟೇಪ್ ಹೊರಗೆ ಬಿಟ್ಟ ಸದಸ್ಯರ ಮೇಲಿನ ಕೇಸು ವರ್ಷಗಟ್ಟಲೆ ಎಳೆಯಿತು.

ಕಾರಿನಲ್ಲಿ ಸ್ಕ್ಯಾನರ್ ಇಟ್ಟುಕೊಂಡು ಊರೂರು ಸುತ್ತುವವರು ರಾಜ್ಯದ ಕಾನೂನನ್ನೂ ನೋಡಬೇಕು. ನ್ಯೂಯಾರ್ಕ್‌ನಲ್ಲಿ ಪೊಲೀಸ್ ಫ್ರೀಕ್ವೆನ್ಸಿ ಹಿಡಿಯುವ ಸೆಟ್ ವಾಹನದಲ್ಲಿರಲು ಅನುಮತಿ ಬೇಕು, ಹ್ಯಾಮ್ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ದೇಶ ದಾಟಿದರಂತೂ ಲೆಕ್ಕವೇ ಬೇರೆ. ಬ್ರಿಟನ್‌ನಲ್ಲಿ ಸ್ಕ್ಯಾನರ್ ಕೊಳ್ಳಲು ಲೈಸೆನ್ಸ್ ಬೇಡ, ಆದರೆ 2006ರ ಕಾಯ್ದೆಯ ಪ್ರಕಾರ ನಿಮಗಾಗಿ ಅಲ್ಲದ ಸಂದೇಶವನ್ನು ಬೇಕಂತಲೇ ಕೇಳುವುದು ಅಪರಾಧ, ವಿಮಾನದವರ ಮಾತೂ ಅದರಲ್ಲಿ ಬರುತ್ತದೆ. ಅಮೆರಿಕದಲ್ಲಿ ನಡೆಯುತ್ತದೆ ಅಂತ ಅಲ್ಲೂ ಆಂಟೆನಾ ಏರಿಸಿ ಕೂರಬೇಡಿ.

ಕೊನೆಗೆ ಸರ್ಚ್ ಮೋಡ್. ಸೆಟ್ ತಾನೇ ಹುಡುಕುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ, ಯಾರೋ ಮಾತಾಡುತ್ತಿರುತ್ತಾರೆ, ಯಾರು ಅಂತ ಗೊತ್ತಾಗುವುದಿಲ್ಲ. ನಾನು ಎರಡು ಮೂರು ಸೆಕೆಂಡ್ ಕೊಡುತ್ತೇನೆ. ಕಾಲ್‌ಸೈನ್ (ರೇಡಿಯೋದಲ್ಲಿ ಹೇಳುವ ಗುರುತಿನ ಹೆಸರು) ಇಲ್ಲ, ಠಾಣೆ ಹೆಸರಿಲ್ಲ, ಇಬ್ಬರು ಮನೆ ವಿಷಯ ಮಾತಾಡುವ ಹಾಗಿದೆ ಅನ್ನಿಸಿದರೆ ಲಾಕ್‌ಔಟ್ ಬಟನ್ ಒತ್ತುತ್ತೇನೆ. ಆ ಫ್ರೀಕ್ವೆನ್ಸಿ ಬಿಟ್ಟು ಸೆಟ್ ಮುಂದಕ್ಕೆ ಹೋಗುತ್ತದೆ.