ಮೊದಲು ಕಾಲು, ಕೊನೆಗೆ ಪೆಡಲ್: ಪುಟಾಣಿಗೆ ಮೂರು ಚಕ್ರದ ಸೈಕಲ್ ಕಲಿಸುವುದು ಹೇಗೆ?

ಹುಟ್ಟುಹಬ್ಬಕ್ಕೆ ಮೂರು ಚಕ್ರದ ಸೈಕಲ್ ಬಂತು. ಮಗುವನ್ನು ಕೂರಿಸಿದ್ದಾಯ್ತು, ಪಾದ ಎತ್ತಿ ಪೆಡಲ್ ಮೇಲೆ ಇಟ್ಟಿದ್ದಾಯ್ತು, ಫೋಟೊ ತೆಗೆದಿದ್ದೂ ಆಯ್ತು. ‘ತುಳಿ ಪುಟ್ಟಿ, ತುಳಿ’ ಎಂದು ಮನೆಮಂದಿಯೆಲ್ಲ ಕೂಗುತ್ತಾರೆ. ಪುಟ್ಟಿ ಉಸಿರು ಬಿಗಿಹಿಡಿದು ಎರಡೂ ಕಾಲನ್ನು ಒಟ್ಟಿಗೆ ಒತ್ತುತ್ತಾಳೆ. ಗಾಡಿ ಅಲುಗುವುದಿಲ್ಲ. ಎರಡು ಕಡೆಯಿಂದಲೂ ಒಂದೇ ಬಲ ಬಿದ್ದರೆ ಅದು ಹೋಗುವುದಾದರೂ ಹೇಗೆ?

ನಮ್ಮ ಮನೆಯಲ್ಲೂ ಹೀಗೇ ಆಯಿತು. ಎರಡು ವರ್ಷದ ಮಗಳಿಂದ ಪೆಡಲ್ ತುಳಿಸಲು ಹೊರಟಿದ್ದೇ ತಪ್ಪು. ಸಾಮಾನ್ಯವಾಗಿ ಮಕ್ಕಳಿಗೆ ಪೆಡಲ್ ಒಲಿಯುವುದು ಮೂರು ವರ್ಷದ ಆಸುಪಾಸಿನಲ್ಲಿ. ಕೆಲವರಿಗೆ ಸ್ವಲ್ಪ ಮುಂಚೆ, ಕೆಲವರಿಗೆ ಸ್ವಲ್ಪ ತಡ. ಹಾಗಂತ ಅಲ್ಲಿಯವರೆಗೆ ಸೈಕಲ್ಲನ್ನು ಅಟ್ಟಕ್ಕೆ ಹಾಕಬೇಕಿಲ್ಲ. ಪೆಡಲ್‌ಗಿಂತ ಮುಂಚೆ ಕಲಿಯುವುದು ಬೇಕಾದಷ್ಟಿದೆ.

ಗಾಡಿ ಆರಿಸುವಾಗ

ಅಂಗಡಿಗೆ ಮಗುವನ್ನೂ ಕರೆದುಕೊಂಡು ಹೋಗಿ. ಸೀಟಿನ ಮೇಲೆ ಕೂತಾಗ ಎರಡೂ ಅಂಗಾಲು ಪೂರ್ತಿ ನೆಲಕ್ಕೆ ತಾಗಬೇಕು. ಪೆಡಲ್ ದೂರಕ್ಕೆ ಹೋದಾಗಲೂ ಮೊಣಕಾಲು ಚೂರು ಬಗ್ಗಿಯೇ ಇರಬೇಕು. ‘ಇನ್ನೂ ಎರಡು ವರ್ಷ ಬರಲಿ’ ಎಂದು ದೊಡ್ಡ ಅಳತೆಯದ್ದು ತರುವುದು ಸ್ಕೂಲ್ ಯೂನಿಫಾರ್ಮಿಗೆ ಸರಿ, ಸೈಕಲ್ಲಿಗಲ್ಲ. ನೆಲಕ್ಕೆ ಹತ್ತಿರ ಇದ್ದಷ್ಟೂ, ಹಿಂದಿನ ಚಕ್ರಗಳ ನಡುವೆ ಅಂತರ ಜಾಸ್ತಿ ಇದ್ದಷ್ಟೂ ಗಾಡಿ ಸುಲಭಕ್ಕೆ ಮಗುಚುವುದಿಲ್ಲ.

ಐಎಸ್‌ಐ ಗುರುತು ನೋಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಅದು 2021ರ ಜನವರಿ 1ರಿಂದ ಕಡ್ಡಾಯವಾಗಿದೆ. ಹಾಡು ಹೇಳುವ, ಲೈಟು ಮಿಣುಗುವ ಗಾಡಿಯಾದರೆ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಬಿಲ್ಲೆಯಂಥ ಸಣ್ಣ ಬ್ಯಾಟರಿ ಮಗುವಿನ ಹೊಟ್ಟೆಗೆ ಹೋದರೆ ತುಂಬ ಅಪಾಯ. ನನ್ನನ್ನು ಕೇಳಿದರೆ ಹಾಡೇ ಬೇಡ. ಮಗುವೇ ‘ಪೀಂ ಪೀಂ’ ಎನ್ನುತ್ತದಲ್ಲ, ಅಷ್ಟು ಸಾಕು.

ಇನ್ನೂ ನಡೆಯಲು ಕಲಿಯುತ್ತಿರುವ ಕೂಸಿಗೆ ಸೈಕಲ್ ಬೇಕಿಲ್ಲ. ಅದಕ್ಕೆ ಹಿಡಿದು ತಳ್ಳಿಕೊಂಡು ಹೋಗುವ ಮರದ ಗಾಡಿಯೇ ಸರಿ. ಬೆಂಗಳೂರು-ಮೈಸೂರು ದಾರಿಯಲ್ಲಿ ಚನ್ನಪಟ್ಟಣದ ಅಂಗಡಿಗಳಲ್ಲಿ ಅರಗಿನ ಬಣ್ಣದ ಇಂಥ ಗಾಡಿ ಸಿಗುತ್ತವೆ. ಮಗುವನ್ನು ಒಳಗೆ ತೂಗುಹಾಕಿದಂತೆ ಕೂರಿಸುವ ಪ್ಲಾಸ್ಟಿಕ್ ವಾಕರ್ ಮಾತ್ರ ಬೇಡ. ಕೆನಡಾ ದೇಶ ಅದರ ಮಾರಾಟವನ್ನೇ 2004ರಲ್ಲಿ ನಿಷೇಧಿಸಿದೆ. ಮೆಟ್ಟಿಲಿನಿಂದ ಉರುಳಿ ಬಿದ್ದ ಕೂಸುಗಳು ಅಷ್ಟಿದ್ದವು.

ಮೊದಲ ಹಂತ: ಕಾಲಲ್ಲಿ ನೆಲ ಒದೆಯುವುದು

ಮೊದಲ ಕೆಲವು ವಾರ ಪೆಡಲ್ ಇದೆ ಎನ್ನುವುದನ್ನೇ ಮರೆತುಬಿಡಿ. ಬಿಚ್ಚಲು ಬರುವ ಪೆಡಲ್ ಆದರೆ ಬಿಚ್ಚಿಡಿ. ಮಗು ಕೂತು ಕಾಲಿನಿಂದ ನೆಲ ಒದ್ದುಕೊಂಡು ಮುಂದೆ ಹೋಗಲಿ, ಹಿಂದೆ ಬರಲಿ. ಸೋಫಾಗೆ ಗುದ್ದಲಿ. ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಮಾಡಿದ ಎರಡು ಚಕ್ರದ ಗಾಡಿಗೂ ಪೆಡಲ್ ಇರಲಿಲ್ಲ. ದೊಡ್ಡ ಗಂಡಸರೇ ಕಾಲಲ್ಲಿ ನೆಲ ಒದ್ದುಕೊಂಡು ಹೋಗುತ್ತಿದ್ದರು. ಹಾಗಿರುವಾಗ ಎರಡು ವರ್ಷದ ಮಗುವಿಗೇನು ಅವಮಾನ?

ಈ ಹಂತದಲ್ಲಿ ಮಗು ಹ್ಯಾಂಡಲ್ ಕಲಿಯುತ್ತದೆ. ಎಡ-ಬಲ ಎಂದರೆ ಈ ವಯಸ್ಸಿಗೆ ಅರ್ಥವಾಗದು. ‘ತುಳಸಿ ಕಟ್ಟೆ ಕಡೆ ತಿರುಗಿಸು’, ‘ಅಜ್ಜಿ ಕಡೆ ಬಾ’ ಎನ್ನಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹಾವಿನ ಹಾಗೆ ಒಂದು ರಸ್ತೆ ಬರೆದುಕೊಡಿ. ಗೆರೆ ದಾಟಿದರೆ ದಂಡ ಹಾಕಬೇಡಿ!

ನಿಲ್ಲುವುದನ್ನು ಈಗಲೇ ಕಲಿಸಿ. ನಮ್ಮಲ್ಲಿ ಅದನ್ನು ಕಲಿಸಿದ್ದು ನಮ್ಮಪ್ಪ. ಜಗಲಿಯಲ್ಲಿ ಕೂತು ಬಸ್ ಕಂಡಕ್ಟರ್ ಥರ ‘ರೈಟ್ ರೈಟ್’ ಎನ್ನುವರು, ಮೊಮ್ಮಗಳು ಹೊರಡುವಳು. ‘ಹೋಲ್ಡಾನ್’ ಎಂದರೆ ಎರಡೂ ಕಾಲು ಊರಿ ನಿಲ್ಲಬೇಕು. ಸ್ಟಾಪು ಬಂತು, ಗೊಂಬೆ ಇಳಿಯಿತು, ಇನ್ನೊಂದು ಗೊಂಬೆ ಹತ್ತಿತು. ಎರಡು ವಾರದಲ್ಲಿ ಅವಳು ಆಟ ಇಲ್ಲದಾಗಲೂ ‘ಹೋಲ್ಡಾನ್’ ಎಂದರೆ ನಿಂತುಬಿಡುತ್ತಿದ್ದಳು. ಮುಂದೆ ಒಮ್ಮೆ ಗೇಟು ತೆರೆದಿದ್ದಾಗ ಇದು ತುಂಬ ಉಪಯೋಗಕ್ಕೆ ಬಂತು.

ಎರಡನೇ ಹಂತ: ಒಂದಾದ ಮೇಲೆ ಒಂದು ಕಾಲು

ಇಲ್ಲಿ ಗಾಡಿಯ ಒಳಗುಟ್ಟು ಸ್ವಲ್ಪ ಗೊತ್ತಿರಬೇಕು. ದೊಡ್ಡವರ ಸೈಕಲ್ಲಿಗೆ ಚೈನು, ಫ್ರೀ ವೀಲ್ ಇರುತ್ತದೆ. ತುಳಿಯದಿದ್ದರೂ ಚಕ್ರ ಓಡುತ್ತದೆ. ಪುಟಾಣಿ ಸೈಕಲ್ಲಿನ ಪೆಡಲ್ ಸಾಮಾನ್ಯವಾಗಿ ಮುಂದಿನ ಚಕ್ರಕ್ಕೇ ನೇರ ಜೋಡಿಸಿರುತ್ತದೆ. ಚಕ್ರ ತಿರುಗಿದರೆ ಪೆಡಲೂ ತಿರುಗಲೇಬೇಕು.

ಇದು ಗೊತ್ತಿಲ್ಲದೆ ನಾನೊಂದು ಎಡವಟ್ಟು ಮಾಡಿದೆ. ಕಾಲು ಪೆಡಲ್ ಮೇಲಿರುವಾಗಲೇ ಹಿಂದಿನಿಂದ ಜೋರಾಗಿ ತಳ್ಳಿದೆ. ಪೆಡಲ್ ಗಿರಗಿರ ತಿರುಗಿತು, ಮಗುವಿನ ಕಾಲು ಜಾರಿತು, ಪೆಡಲ್ ಬಂದು ಮೊಣಕಾಲಿನ ಕೆಳಗೆ ಹೊಡೆಯಿತು. ನೀಲಿ ಗುರುತು ನಾಲ್ಕು ದಿನಕ್ಕೆ ಹೋಯಿತು. ಅವಳು ಸೈಕಲ್ ಹತ್ತಿರ ಸುಳಿದಿದ್ದು ಹದಿನೈದು ದಿನದ ಮೇಲೆ. ಆದ್ದರಿಂದ ತಳ್ಳುವುದಾದರೆ ಕಾಲು ಪೆಡಲ್ ಮೇಲಿರಬಾರದು. ಹಿಂದೆ ಹಿಡಿಕೆ ಇರುವ ಕೆಲವು ಗಾಡಿಗಳಲ್ಲಿ ಪೆಡಲ್ ಸುಮ್ನೆ ನಿಲ್ಲುವಂತೆ ಮಾಡುವ ಗುಂಡಿ ಮುಂದಿನ ಚಕ್ರದ ನಡುವೆ ಇರುತ್ತದೆ. ಅದನ್ನು ಹುಡುಕಿ.

ಈಗ ತುಳಿಸುವ ವಿಷಯ. ಒಂದು ಪೆಡಲ್‌ಗೆ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿ. ಮಗುವಿನ ಎದುರು ನೆಲದ ಮೇಲೆ ಕೂರಿ. ಕೆಂಪು ಪೆಡಲ್ಲನ್ನು ತುತ್ತತುದಿಗೆ ತಂದು, ಅಲ್ಲಿಂದ ಒಂದು ಚೂರು ಮುಂದಕ್ಕೆ ಸರಿಸಿ ನಿಲ್ಲಿಸಿ. ನೆಟ್ಟಗೆ ಮೇಲಿದ್ದಾಗ ಒತ್ತಿದರೆ ಬಲವೆಲ್ಲ ನೆಲಕ್ಕೆ ಹೋಗುತ್ತದೆ, ಚಕ್ರ ತಿರುಗುವುದಿಲ್ಲ. ಚೂರು ಮುಂದಿದ್ದರೆ ಒತ್ತಿದ ಕೂಡಲೇ ಗಾಡಿ ಹೊರಡುತ್ತದೆ. ‘ಕೆಂಪು ಒತ್ತು’ ಎನ್ನಿ. ಅರ್ಧ ಸುತ್ತು ಬಂತು. ಈಗ ಇನ್ನೊಂದು ಪೆಡಲ್ ಮೇಲಿದೆ. ‘ಈಗ ಇದು.’ ನಿಮ್ಮ ಅಂಗೈಯನ್ನು ಅವಳ ಪಾದದ ಮೇಲೆ ಹಗುರಾಗಿ ಇಟ್ಟರೆ ಯಾವ ಕಾಲಿನ ಸರದಿ ಎಂದು ಅವಳಿಗೇ ತಿಳಿಯುತ್ತದೆ. ಒತ್ತುವುದು ಮಾತ್ರ ಅವಳೇ ಒತ್ತಲಿ. ದಿನಕ್ಕೆ ಹತ್ತು ನಿಮಿಷ ಸಾಕು. ಬೇಡ ಎಂದು ಇಳಿದರೆ ಅವತ್ತಿಗೆ ಮುಗಿಯಿತು.

ಟೈಲ್ಸ್ ನೆಲದಲ್ಲಿ ಇನ್ನೊಂದು ಕಾಟ ಇದೆ. ಪ್ಲಾಸ್ಟಿಕ್ ಚಕ್ರ ನಿಂತಲ್ಲೇ ಜಾರಿ ತಿರುಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಮಗುವಿನದು ತಪ್ಪಲ್ಲ, ಹಿಡಿತ ಇಲ್ಲ ಅಷ್ಟೇ. ಪಂಕ್ಚರ್ ಅಂಗಡಿಯಲ್ಲಿ ಹಳೇ ಸೈಕಲ್ ಟ್ಯೂಬ್ ಕೇಳಿ ತನ್ನಿ. ಒಂದು ಪಟ್ಟಿ ಕತ್ತರಿಸಿ ಮುಂದಿನ ಚಕ್ರಕ್ಕೆ ಬಿಗಿಯಾಗಿ ಅಂಟಿಸಿ. ಇಲ್ಲವೇ ಒರಟು ಸಿಮೆಂಟಿನ ತಾರಸಿ, ಅಂಗಳಕ್ಕೆ ಕರೆದುಕೊಂಡು ಹೋಗಿ. ತಾರಸಿಯಾದರೆ ಸುತ್ತ ಪ್ಯಾರಪೆಟ್ ಗೋಡೆ ಇರಬೇಕು, ಮೆಟ್ಟಿಲ ಬಾಗಿಲು ಹಾಕಿರಬೇಕು.

ತುಳಿಯಲು ಬಂದ ಮೇಲೆ

ಮನೆಯೊಳಗೆ ಗಾಡಿಗೊಂದು ಕೆಲಸ ಕೊಡಿ. ಹಿಂದಿನ ಬುಟ್ಟಿಯಲ್ಲಿ ‘ಮೂರು ಈರುಳ್ಳಿ ತಗೊಂಡು ಬಾ’ ಎಂದರೆ ಎಣಿಕೆಯೂ ಬರುತ್ತದೆ, ಅಡುಗೆಮನೆಗೂ ಸಹಾಯ. ಮೊದಲು ಎರಡೇ ಬರುತ್ತವೆ, ಕೆಲವೊಮ್ಮೆ ಐದು. ನಮ್ಮ ಪುಟ್ಟಿ ಸೊಪ್ಪು ಮಾರುವವರ ಥರ ‘ಸೊಪ್ಪೋ’ ಎಂದು ಕೂಗುತ್ತಾ ಬರುತ್ತಿದ್ದಳು. ಬಟ್ಟೆ ಒಣಗಿಸುವ ಸ್ಟ್ಯಾಂಡು ಪೆಟ್ರೋಲ್ ಬಂಕ್ ಆಗಿತ್ತು. ಚಿಲ್ಲರೆ ಕೊಡದಿದ್ದರೆ ಜಗಳಕ್ಕೇ ಬರುತ್ತಿದ್ದಳು.

ಜೊತೆಗೆ ಇನ್ನೊಂದು ಮಗು ಇದ್ದರೆ ಸರದಿಯ ಜಗಳ ಗ್ಯಾರಂಟಿ. ಗಡಿಯಾರ ತೋರಿಸಿದರೆ ಪ್ರಯೋಜನವಿಲ್ಲ. ‘ಎರಡು ಸುತ್ತು ನಿನ್ನದು, ಎರಡು ಸುತ್ತು ಅವನದು’ ಎಂದರೆ ಕಣ್ಣಿಗೆ ಕಾಣುವ ಲೆಕ್ಕ.

ಈಗ ವೇಗ ಬಂದಿದೆ, ಹಾಗಾಗಿ ಕಣ್ಣು ತಪ್ಪಿಸಬೇಡಿ. ಜೋರಾಗಿ ಹೋಗುವಾಗ ಹ್ಯಾಂಡಲ್ ಗಕ್ಕನೆ ತಿರುಗಿಸಿದರೆ ಮೂರು ಚಕ್ರದ ಗಾಡಿಯೂ ಪಕ್ಕಕ್ಕೆ ಉರುಳುತ್ತದೆ. ಹೊರಗೆ ಹೋದರೆ ಅಳತೆಗೆ ಸರಿಯಾದ ಹೆಲ್ಮೆಟ್ ಮತ್ತು ಶೂ ಹಾಕಿ. ಉದ್ದ ಲಂಗ, ಜೋತಾಡುವ ದಾರ ಚಕ್ರಕ್ಕೆ ಸಿಕ್ಕಿಕೊಳ್ಳುತ್ತವೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಮತ್ತು ಕಾರು ನಿಲ್ಲಿಸುವ ಜಾಗ ಸೈಕಲ್ಲಿಗೆ ಬೇಡವೇ ಬೇಡ. ಇಷ್ಟು ತಗ್ಗಿನಲ್ಲಿ ಕೂತ ಮಗು ಹಿಂದಕ್ಕೆ ಬರುವ ಕಾರಿನ ಡ್ರೈವರಿಗೆ ಕಾಣುವುದೇ ಇಲ್ಲ. ಬೆಂಗಳೂರಿನವರಿಗೆ ಭಾನುವಾರದ ಕಬ್ಬನ್ ಪಾರ್ಕ್ ಇದೆ, ಅವತ್ತು ಒಳಗೆ ವಾಹನ ಬಿಡುವುದಿಲ್ಲ. ಬೇಸಿಗೆಯಲ್ಲಿ ಬಿಸಿಲಿಗಿಟ್ಟ ಸೀಟನ್ನು ಮೊದಲು ನಿಮ್ಮ ಕೈಯಿಂದ ಮುಟ್ಟಿ ನೋಡಿ.

ಪಕ್ಕದ ಮನೆಯ ಹುಡುಗ ಎರಡೂವರೆಗೇ ತುಳಿಯುತ್ತಾನೆ, ನಮ್ಮದು ಮೂರು ದಾಟಿದರೂ ಇಲ್ಲ ಎಂಬ ಹೋಲಿಕೆ ಬೇಡ. ಸೈಕಲ್ ಸಿಕ್ಕೇ ಇಲ್ಲದ ಮಗುವಿಗೆ ತುಳಿಯಲು ಬಾರದಿದ್ದರೆ ಅದರಲ್ಲಿ ಚಿಂತೆಯೇನಿಲ್ಲ. ಆದರೆ ಸೈಕಲ್ ಮಾತ್ರವಲ್ಲ, ನಡೆಯುವಾಗಲೂ ಪದೇ ಪದೇ ಬೀಳುತ್ತಿದ್ದರೆ, ಯಾವಾಗಲೂ ತುದಿಗಾಲಲ್ಲೇ ನಡೆಯುತ್ತಿದ್ದರೆ, ಮೊದಲು ಬರುತ್ತಿದ್ದುದು ಈಗ ಬಾರದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ವಾರಕ್ಕೊಮ್ಮೆ ಸ್ಪ್ಯಾನರ್ ಹಿಡಿದು ಸೀಟು, ಹ್ಯಾಂಡಲ್ ನಟ್ಟು ಬಿಗಿ ಮಾಡಿ. ಹ್ಯಾಂಡಲ್ ತಿರುಗಿ ಚಕ್ರ ತಿರುಗದಿದ್ದರೆ ನಟ್ಟು ಸಡಿಲಾಗಿದೆ ಎಂದರ್ಥ. ಹಿಂದಿನ ಚಕ್ರದ ಹೊರಗಿನ ಮುಚ್ಚಳ ಬಿದ್ದಿದ್ದರೆ ಚಕ್ರವೇ ಕಳಚಿಬರಬಹುದು. ತುಳಿಯುವಾಗ ಮೊಣಕಾಲು ಹ್ಯಾಂಡಲ್‌ಗೆ ತಾಗಲು ಶುರುವಾಯಿತೆಂದರೆ ಗಾಡಿ ಚಿಕ್ಕದಾಯಿತು. ನಮ್ಮದು ಈಗ ಎದುರು ಮನೆಯಲ್ಲಿದೆ. ಸಂಜೆಯಾದರೆ ಅಲ್ಲಿಂದ ‘ಕೆಂಪು ಒತ್ತು, ಕೆಂಪು ಒತ್ತು’ ಎಂದು ನಮ್ಮ ಪುಟ್ಟಿ ಆ ಮನೆಯ ಪುಟ್ಟನಿಗೆ ಹೇಳಿಕೊಡುವುದು ಕೇಳಿಸುತ್ತದೆ.