ನಂಬುವವರ ನಡುವೆ ನಾಸ್ತಿಕರಾಗಿ ಮಕ್ಕಳನ್ನು ಬೆಳೆಸುವ ಬಗೆ

ಸುತ್ತಲಿನವರೆಲ್ಲ ದೇವರನ್ನು ನಂಬುವ ಸಮುದಾಯದಲ್ಲಿ ಬಾಳುವ ನಾಸ್ತಿಕ ತಂದೆತಾಯಿಯರು, ಮಗುವಿಗೆ ತಮ್ಮ ತೀರ್ಮಾನವನ್ನು ಕಲಿಸಬೇಕೋ ಅಥವಾ ಆ ತೀರ್ಮಾನಕ್ಕೆ ತಾವು ಬಂದ ವಿಚಾರಕ್ರಮವನ್ನು ಕಲಿಸಬೇಕೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಎರಡನೆಯದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ‘ದೇವರಿಲ್ಲ’ ಎಂದು ಬಾಯಿಪಾಠ ಮಾಡಿದ ಮಗುವೂ ಪ್ರಶ್ನಿಸದೆ ಒಪ್ಪುವುದನ್ನೇ ಕಲಿತಿರುತ್ತದೆ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿಯು ವಿಚಾರ, ಆತ್ಮಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯವನ್ನು ಮಗುವಿನ ಹಕ್ಕೆಂದೇ ಹೇಳುತ್ತದೆ. ಮಗುವಿನ ಬೆಳೆಯುವ ಸಾಮರ್ಥ್ಯಕ್ಕೆ ತಕ್ಕಂತೆ ದಾರಿ ತೋರುವ ಹಕ್ಕು ಮತ್ತು ಹೊಣೆ ಹೆತ್ತವರದು. ಇದು ನಾಸ್ತಿಕರಿಗೂ ಅನ್ವಯಿಸುತ್ತದೆ.

ಆದ್ದರಿಂದ ಮಗು ‘ದೇವರಿದ್ದಾನಾ?’ ಎಂದು ಕೇಳಿದಾಗ, ‘ಅಜ್ಜಿ ಇದ್ದಾನೆ ಎಂದು ನಂಬುತ್ತಾರೆ, ನಾನು ನಂಬುವುದಿಲ್ಲ, ನಿನಗೇನು ಅನ್ನಿಸುತ್ತದೆ?’ ಎನ್ನಿ. ಕಾರಣ ಕೇಳಿದರೆ ಮರೆಮಾಚದೆ ಹೇಳಿ.

ಎಲ್ಲಕ್ಕಿಂತ ಕಷ್ಟವಾಗುವುದು ಸಾವಿನ ಮಾತು. ಸತ್ತವರು ಮರಳುವುದಿಲ್ಲ, ಅವರ ದೇಹ ಕೆಲಸ ಮಾಡುವುದಿಲ್ಲ, ಸಾವು ಎಲ್ಲರಿಗೂ ಬರುತ್ತದೆ ಎಂಬುದು ಹೆಚ್ಚಿನ ಮಕ್ಕಳಿಗೆ ಸುಮಾರು 5ರಿಂದ 7 ವರ್ಷದೊಳಗೆ ಅರ್ಥವಾಗತೊಡಗುತ್ತದೆ. ಎಳೆಯ ಮಗುವಿಗೆ ‘ಅಜ್ಜ ಮಲಗಿದ್ದಾರೆ’ ಎಂದರೆ ಅದು ನಿದ್ದೆಗೇ ಹೆದರಬಹುದು. ‘ದೂರ ಹೋಗಿದ್ದಾರೆ’ ಎಂದರೆ ಬಾಗಿಲು ಸದ್ದಾದಾಗಲೆಲ್ಲ ಓಡಿ ಹೋಗಿ ನೋಡಬಹುದು. ‘ಅಜ್ಜನ ಹೃದಯ ನಿಂತುಹೋಯಿತು, ಅವರಿಗೆ ಈಗ ನೋವಿಲ್ಲ, ಹಸಿವಿಲ್ಲ, ಅವರು ಮತ್ತೆ ಬರುವುದಿಲ್ಲ, ನನಗೂ ಅಳು ಬರುತ್ತಿದೆ’ ಎಂದು ನೇರವಾಗಿ ಹೇಳುವುದೇ ಮೇಲು. ‘ಅಜ್ಜ ಸ್ವರ್ಗದಲ್ಲಿದ್ದಾರಂತೆ, ಅಜ್ಜಿ ಹೇಳಿದರು’ ಎಂದು ಮಗು ಹೇಳಿದರೆ, ದುಃಖದಲ್ಲಿರುವ ಅಜ್ಜಿಯನ್ನು ಸುಳ್ಳುಗಾರ್ತಿಯನ್ನಾಗಿ ಮಾಡಬೇಡಿ. ‘ಹಾಗೆ ನಂಬಿದರೆ ಅವರಿಗೆ ಸಮಾಧಾನ, ನನಗೆ ಅಜ್ಜ ಹೇಳುತ್ತಿದ್ದ ಕಥೆಗಳನ್ನು ನೆನೆದರೆ ಸಮಾಧಾನ’ ಎಂದರೆ ಸಾಕು.

ಬಂಧುಗಳ ಪ್ರಾರ್ಥನೆ, ಆಚರಣೆಗಳಿಗೆ ಮಗು ಇಷ್ಟಪಟ್ಟರೆ ಹೋಗಲಿ. ಮೌನವಾಗಿ ನಿಂತರೆ ಸಾಕು, ಒಪ್ಪದ ಮಾತನ್ನು ಉಚ್ಚರಿಸಬೇಕಿಲ್ಲ ಎಂದು ಮುಂಚೆಯೇ ತಿಳಿಸಿ. ಆದರೆ ಹಿರಿಯರು ಯಾರಾದರೂ ನರಕದ ಹೆದರಿಕೆ ಹುಟ್ಟಿಸಿದರೆ ಸುಮ್ಮನಿರಕೂಡದು. ಮಗುವಿನ ಎದುರಿಗಲ್ಲದೆ ಅವರೊಬ್ಬರನ್ನೇ ಕೂರಿಸಿಕೊಂಡು, ಇದನ್ನು ನಾವು ಒಪ್ಪುವುದಿಲ್ಲವೆಂದು ವಿನಯದಿಂದ, ಸ್ಪಷ್ಟವಾಗಿ ತಿಳಿಸಬೇಕು. ಶಾಲೆಯಲ್ಲಿ ಗೆಳೆಯರು ಕೆಣಕಿದರೆ ‘ನಮ್ಮ ಮನೆಯಲ್ಲಿ ಬೇರೆ ರೀತಿ ಯೋಚಿಸುತ್ತೇವೆ’ ಎಂಬ ಒಂದೇ ಮಾತು ಮಗುವಿನ ಬಳಿ ಸಿದ್ಧವಿರಲಿ. ನಿಮ್ಮ ಪರವಾಗಿ ವಾದ ಮಾಡುವ ಹೊರೆಯನ್ನು ಅದರ ಮೇಲೆ ಹೊರಿಸಬೇಡಿ.

ಹದಿಹರೆಯದಲ್ಲಿ ಮಗಳೋ ಮಗನೋ ನಂಬಿಕೆಯ ಕಡೆಗೆ ಹೊರಳಿದರೆ, ಅಲ್ಲಿ ಅವರಿಗೆ ಸಿಕ್ಕಿದ್ದೇನು ಎಂದು ಆಸಕ್ತಿಯಿಂದ ಕೇಳಿ, ಪ್ರಾರ್ಥನೆಯ ಹೊತ್ತಿಗೆ ನೀವೇ ಕರೆದುಕೊಂಡು ಹೋಗಿ ಬಿಟ್ಟುಬನ್ನಿ.