ಒಡಿಸ್ಯೂಸನ ವೇಷವನ್ನು ನಾನು ಹೇಳುವ ಬಗೆ

ಪ್ರಾಚೀನ ಗ್ರೀಕ್ ಕವಿ ಹೋಮರನ ಮಹಾಕಾವ್ಯ ‘ಒಡಿಸ್ಸಿ’ಯಲ್ಲಿ 24 ಭಾಗಗಳಿವೆ. ಟ್ರಾಯ್ ಯುದ್ಧಕ್ಕೆ ಹೋಗಿ ಇಪ್ಪತ್ತು ವರ್ಷದ ಮೇಲೆ ಮರಳುವ ರಾಜ ಒಡಿಸ್ಯೂಸ್ 13ನೆಯದರಲ್ಲೇ ತನ್ನೂರು ಇಥಾಕಾ ಸೇರಿಬಿಡುತ್ತಾನೆ. ಆಮೇಲಿನ ಕಥೆಯಲ್ಲಿ ಬಹುಪಾಲು ಅವನು ಹರಕು ಬಟ್ಟೆಯ ಭಿಕ್ಷುಕ. ನಮ್ಮ ಓದುಕೂಟದಲ್ಲಿ ನಾನು ಕನ್ನಡದಲ್ಲಿ ಹೇಳುವುದು ಈ ಭಾಗವನ್ನೇ. ಒಂಟಿಕಣ್ಣಿನ ದೈತ್ಯನ ಕಥೆ ಹೇಳಿ ಅಂತ ಕೇಳುವವರಿದ್ದಾರೆ. ನನಗೆ ರುಚಿ ಇಲ್ಲೇ ಜಾಸ್ತಿ.

ಭಿಕ್ಷುಕನಿಗೆ ನಾನು ಬೇರೆ ದನಿ ಕೊಡುವುದಿಲ್ಲ. ಕೆಮ್ಮು, ಗೂನುಬೆನ್ನು ಏನೂ ಇಲ್ಲ. ಅಥೀನಾ ದೇವತೆ ಅವನ ಚರ್ಮ ಸುಕ್ಕಾಗಿಸಿ, ಕೂದಲು ಉದುರಿಸಿ, ಕಣ್ಣಿನ ಹೊಳಪು ತೆಗೆದಳು ಅಂತ ಒಮ್ಮೆ ಹೇಳಿ ಮುಂದೆ ಹೋಗುತ್ತೇನೆ. ಹೋಮರನೂ ಹಾಗೇ. ಎದುರಿಗಿದ್ದವರಿಗೆ ಅವನು ಯಾರೋ ಪರದೇಶಿ, ಕವಿಗೆ ಮಾತ್ರ ಉದ್ದಕ್ಕೂ ಒಡಿಸ್ಯೂಸನೇ. ಕೇಳುಗರಿಗೆ ಗುಟ್ಟು ಗೊತ್ತಿದ್ದರೇನೇ ಮಜಾ, ಅಲ್ವಾ? ಅದಕ್ಕೇ ನಾನು ಬದಲಿಸುವುದು ಎದುರಿಗಿದ್ದವರ ದನಿಯನ್ನು. ಹಂದಿ ಕಾಯುವ ಯುಮೇಯಸ್ ಮೆತ್ತಗೆ ಮಾತಾಡಿ, ಇದ್ದುದರಲ್ಲೇ ಊಟ ಹಾಕುತ್ತಾನೆ. ಒಡಿಸ್ಯೂಸನ ಹೆಂಡತಿ ಪೆನೆಲೋಪಿಯನ್ನು ಮದುವೆಯಾಗಲು ಬಂದು ಕೂತವರಲ್ಲಿ ಒಬ್ಬನಾದ ಆಂಟಿನೋಸ್ ಕಾಲ್ಮಣೆ ತೆಗೆದು ಎಸೆಯುತ್ತಾನೆ. ವೇಷ ಇವನದ್ದು, ಬಯಲಾಗುವ ಬಣ್ಣ ಅವರದ್ದು.

ಕೇಳಿದವರಿಗೆ ಪಾಂಡವರ ಅಜ್ಞಾತವಾಸ ನೆನಪಾಗುತ್ತದೆ. ಆದರೆ ಅವರು ಅಡಗಿದ್ದು ಪಣಕ್ಕೆ ಕಟ್ಟುಬಿದ್ದು, ಬೇರೆಯವರ ಊರಲ್ಲಿ. ಇವನು ಸ್ವಂತ ಮನೆಯಲ್ಲೇ ಅಡಗಿ, ಯಾರು ತನ್ನ ಕಡೆ ಅಂತ ನೋಡುತ್ತಾನೆ.

ನಾನು ಜಾಸ್ತಿ ತಯಾರಿ ಮಾಡುವುದು ಅವನ ಸುಳ್ಳುಗಳಿಗೆ. ಅಥೀನಾಗೆ, ಯುಮೇಯಸನಿಗೆ, ಪೆನೆಲೋಪಿಗೂ ತಾನು ಕ್ರೀಟ್ ದ್ವೀಪದವನು ಅನ್ನುತ್ತಾನೆ. ಇವನ್ನು ನಿಧಾನವಾಗಿ, ಕೇಳುಗರ ಕಣ್ಣನ್ನೇ ನೋಡುತ್ತಾ ಹೇಳುತ್ತೇನೆ. ನನ್ನ ಗಂಡನನ್ನು ಕಂಡಿದ್ದರೆ ಅವನು ಏನು ಉಟ್ಟಿದ್ದ ಹೇಳು ಎಂದು ಪೆನೆಲೋಪಿ ಪರೀಕ್ಷಿಸುತ್ತಾಳೆ. ನೇರಳೆ ಉಣ್ಣೆಯ ಹೊದಿಕೆ, ಅದಕ್ಕೊಂದು ಚಿನ್ನದ ಪಿನ್ನು, ಪಿನ್ನಿನ ಮೇಲೆ ಜಿಂಕೆಮರಿ ಹಿಡಿದ ನಾಯಿ. ಅವಳು ಅಳುತ್ತಾಳೆ. ಅವನ ಕಣ್ಣು ಕೊಂಬೋ ಕಬ್ಬಿಣವೋ ಅನ್ನುವ ಹಾಗೆ ಅಲುಗುವುದಿಲ್ಲ ಎನ್ನುತ್ತಾನೆ ಹೋಮರ್. ಇಲ್ಲಿ ನಾನು ಅಭಿನಯವನ್ನೇ ನಿಲ್ಲಿಸಿ, ಕೈ ತೊಡೆಯ ಮೇಲಿಟ್ಟು ಕೂರುತ್ತೇನೆ.

ಇದರ ಹಿಂದೆಯೇ ಮುದುಕಿ ಯೂರಿಕ್ಲಿಯಾ ಬರುತ್ತಾಳೆ. ಚಿಕ್ಕಂದಿನಲ್ಲಿ ಅವನನ್ನು ಸಾಕಿದವಳು. ಕಾಲು ತೊಳೆಯುವಾಗ ಹಳೇ ಗಾಯದ ಕಲೆ ಕೈಗೆ ಸಿಗುತ್ತದೆ. ಕವಿ ಅವಳನ್ನು ಅಲ್ಲೇ ಬಿಟ್ಟು, ಪಾರ್ನಾಸಸ್ ಬೆಟ್ಟದಲ್ಲಿ ಕಾಡುಹಂದಿ ತಿವಿದ ಹಳೇ ಕಥೆಗೆ ಹೋಗುತ್ತಾನೆ. 70ಕ್ಕೂ ಹೆಚ್ಚು ಸಾಲು! ‘ಆಮೇಲೇನಾಯ್ತು’ ಅಂತ ಯಾರಾದರೂ ಕೇಳಿದರೂ ನಾನು ಬೇಟೆಯ ಕಥೆಯನ್ನು ಕತ್ತರಿಸುವುದಿಲ್ಲ. ಅದು ಮುಗಿದದ್ದೇ ಪಕ್ಕದಲ್ಲಿಟ್ಟುಕೊಂಡ ಕಂಚಿನ ಬೋಗುಣಿಯನ್ನು ನೆಲಕ್ಕೆ ಬೀಳಿಸುತ್ತೇನೆ. ಅವಳ ಕೈಯಿಂದ ಜಾರಿದ ಕಾಲು ಪಾತ್ರೆಗೆ ಬಡಿದು ನೀರು ಚೆಲ್ಲುವುದು ಆಗಲೇ. ಅವನು ಸಾಕುತಾಯಿಯ ಗಂಟಲನ್ನೇ ಹಿಡಿದು ಬಾಯಿ ಮುಚ್ಚಿಸುತ್ತಾನೆ.

ಆರ್ಗಾಸ್ ನಾಯಿ ಒಡೆಯನನ್ನು ಗುರುತು ಹಿಡಿದು ಸಾಯುವುದನ್ನು ಮಾತ್ರ ಎರಡೇ ಮಾತಲ್ಲಿ ಮುಗಿಸುತ್ತೇನೆ. ಎಳೆದರೆ ಸುಮ್ನೆ ಅಳಿಸಲು ನೋಡಿದಂತಾಗುತ್ತದೆ.

24ನೆಯ ಭಾಗಕ್ಕೆ ಬಂದಾಗ ಮದುವೆಗೆ ಬಂದು ಕೂತಿದ್ದ ಆ ಶತ್ರುಗಳೆಲ್ಲ ಸತ್ತಿದ್ದಾರೆ. ಇನ್ನು ಅಡಗುವ ಅಗತ್ಯವೇ ಇಲ್ಲ. ಆದರೂ ತೋಟದಲ್ಲಿ ಅಗೆಯುತ್ತಿದ್ದ ಅಪ್ಪ ಲಯರ್ಟೀಸನಿಗೆ ತಾನು ಬೇರೆ ಯಾರೋ ಅಂತ ಸುಳ್ಳು ಹೇಳುತ್ತಾನೆ. ಮುದುಕ ಮಣ್ಣು ಬಾಚಿ ತಲೆಗೆ ಸುರಿದುಕೊಂಡ ಮೇಲೇ ನಿಜ ಬಾಯಿಬಿಡುವುದು. ಗುರುತಿಗೆ ಆ ಕಲೆ ತೋರಿಸಿ, ಅಪ್ಪ ಕೊಟ್ಟ ಮರಗಳನ್ನು ಎಣಿಸುತ್ತಾನೆ: 13 ಪೇರ್, 10 ಸೇಬು, 40 ಅಂಜೂರ. ಇಲ್ಲಿ ಕೇಳುಗರಿಗೆ ಅವನ ಮೇಲೆ ಸಿಟ್ಟು ಬರುತ್ತದೆ. ನಾನು ಅವನ ಪರ ವಾದ ಮಾಡುವುದಿಲ್ಲ. ಸಮಯ ಸಾಲದಿದ್ದರೆ ಮದುವೆಗೆ ಬಂದವರಿಗೆ ಪೆನೆಲೋಪಿ ಒಡ್ಡುವ ಬಿಲ್ಲಿನ ಸ್ಪರ್ಧೆಯನ್ನು ಮೊಟಕುಗೊಳಿಸುತ್ತೇನೆ, ಇದನ್ನಲ್ಲ.